ಗೋಲ್ ಗೆರೆಯ ಸುಣ್ಣ

ನನ್ನ ತಂಗಿಯ ಮೇಲಿನ ಆರೋಪ ಇಷ್ಟೇ: ರೆಫರಿ ಕೇಳಿದಾಗ ಅವಳು ಚೆಂಡನ್ನು ಕೊಡಲಿಲ್ಲ. ಆರೋಪ ನಿಜ. ನಾನು ಅದನ್ನು ಒಮ್ಮೆಯೂ ಅಲ್ಲಗಳೆದಿಲ್ಲ. ಆದರೆ ಯಾಕೆ ಕೊಡಲಿಲ್ಲ ಎಂದು ಮೈದಾನದಲ್ಲಿ ಯಾರೂ ಕೇಳಲಿಲ್ಲ, ಆಮೇಲೆ ಕಚೇರಿಯಲ್ಲಿಯೂ ಕೇಳಲಿಲ್ಲ. ಕೇಳಲೆಂದೇ ಕುರ್ಚಿ ಪಡೆದವರು ಇಂದಿನವರೆಗೂ ಕೇಳಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಠಾಣೆ ನಗರದ ಪಕ್ಕದ ಕಳವಾ ಎಂಬ ಊರಿನಲ್ಲಿ, ರೈಲ್ವೆ ಕಾರ್‌ಶೆಡ್ಡಿನ ಕಡೆಗೆ ಹೋಗುವ ರಸ್ತೆಯಲ್ಲಿ, ನಮ್ಮದೊಂದು ಸಣ್ಣ ಹೋಟೆಲು. ಉಡುಪಿಯ ಕಡೆಯಿಂದ ಬಂದ ಅಪ್ಪ ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಹಿಟ್ಟು ರುಬ್ಬಿ, ಕೊನೆಗೆ ತಮ್ಮದೆನ್ನುವ ನಾಲ್ಕು ಮೇಜು ಹಾಕಿದವರು. ತಂಗಿ ಠಾಣೆಯ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯಲ್ಲಿದ್ದಳು, ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ನಾನು ಎಂ.ಎ. ಮುಗಿಸಿ, ಸಂಸ್ಥೆಗಳು ಯಾರಿಗೆ ಉತ್ತರ ಕೊಡಬೇಕು ಎಂಬ ವಿಷಯದ ಮೇಲೆ ದಪ್ಪ ದಪ್ಪ ಪುಸ್ತಕಗಳನ್ನು ಓದಿ ಮನೆಯಲ್ಲಿ ಕೂತಿದ್ದೆ.

ತಂಗಿಗೆ ಬೇಕಿದ್ದದ್ದು ಜಿಲ್ಲಾ ತಂಡದ ಆಯ್ಕೆ ಪರೀಕ್ಷೆಯಲ್ಲಿ ಒಂದು ಅವಕಾಶ. ನಾವೆಲ್ಲ ಅದನ್ನು ಟ್ರಯಲ್ ಎನ್ನುತ್ತೇವೆ. ಶಾಲೆಗಳ ನಡುವಿನ ಆ ವರ್ಷದ ಟೂರ್ನಮೆಂಟಿನಲ್ಲಿ ಚೆನ್ನಾಗಿ ಆಡಿದವರನ್ನು ಟ್ರಯಲಿಗೆ ಕರೆಯುವುದು ರೂಢಿ. ಶಾಲೆ ಮುಗಿದರೆ ಮುಂದೆ ಅವಳು ಸೇರಬಹುದಾದ ಯಾವ ಕಾಲೇಜಿನಲ್ಲಿಯೂ ಹುಡುಗಿಯರ ತಂಡವಿರಲಿಲ್ಲ. ಆ ವರ್ಷ ಆಗದಿದ್ದರೆ ಆಗಲಿಲ್ಲ, ಅಷ್ಟೇ. ಇದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

ಸೆಮಿಫೈನಲ್ ನೆರೂಳಿನ ಒಂದು ಶಾಲೆಯ ಮೈದಾನದಲ್ಲಿ, ಆ ಶಾಲೆಯ ತಂಡದ ವಿರುದ್ಧವೇ. ಬೆಳಿಗ್ಗೆ ಅಪ್ಪ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಇಡ್ಲಿ, ಇನ್ನೊಂದರಲ್ಲಿ ಚಟ್ನಿ ತುಂಬಿಕೊಂಡು ಬಂದರು. ಎಲ್ಲ ಪಂದ್ಯಗಳಿಗೂ ಹೀಗೆಯೇ ತರುತ್ತಿದ್ದರು. ದೂರದಿಂದ ಬಂದವನು ಹಸಿದಿರಬಾರದು ಎನ್ನುವುದು ಅವರ ಹೋಟೆಲಿನ ನಿಯಮ. ಮೈದಾನಕ್ಕೆ ಎಲ್ಲರಿಗಿಂತ ದೂರದಿಂದ, ಎಲ್ಲರಿಗಿಂತ ಮೊದಲು ಬರುವವರು ರೆಫರಿಗಳೇ ಆದ್ದರಿಂದ ಮೊದಲ ತಟ್ಟೆ ಅವರಿಗೆ. ಈ ಟೂರ್ನಮೆಂಟುಗಳಲ್ಲಿ ರೆಫರಿ ಎಂದರೆ ಆ ದಿನ ಆಟವಿಲ್ಲದ ಯಾವುದೋ ಶಾಲೆಯ ಪಿ.ಟಿ. ಮಾಸ್ತರು. ಅಂದು ಬಂದವರು ಉಲ್ಹಾಸನಗರದಿಂದ ಎರಡು ರೈಲು ಬದಲಿಸಿ ಬಂದಿದ್ದರು.

"ಪಪ್ಪಾ, ಪಂದ್ಯಕ್ಕೆ ಮುಂಚೆ ರೆಫರಿಗೆ ತಿನ್ನಿಸುವುದು ಸರಿ ಕಾಣುವುದಿಲ್ಲ" ಎಂದೆ.

"ಎಂತ ಸರಿ ಕಾಣುದಿಲ್ಲ ಮಾರಾಯ್ತಿ? ಎದುರಿನ ಟೀಮಿನವ್ರಿಗೂ ಕೊಡ್ತೇನಲ್ಲ" ಎಂದರು ಅಪ್ಪ. "ಖಾಲಿ ಹೊಟ್ಟೆಯಲ್ಲಿ ನ್ಯಾಯ ಹೇಳ್ಲಿಕ್ಕೆ ಯಾರಿಗಾದ್ರೂ ಆಗ್ತದಾ?"

ಎದುರಿನ ತಂಡಕ್ಕೂ ಕೊಡುವುದೆಂದೇ ಅವರು ಹೊರಟಿದ್ದು. ಆದರೆ ರೆಫರಿ, ಗೆರೆಯ ಪಕ್ಕ ಬಾವುಟ ಹಿಡಿಯುವ ಇಬ್ಬರು ಟೀಚರುಗಳು, ನಮ್ಮ ಹುಡುಗಿಯರು, ಅವರ ತಾಯಂದಿರು ಎಂದು ಡಬ್ಬಿ ಖಾಲಿಯಾಯಿತು. ಆಚೆ ಬದಿಯಲ್ಲಿ ನೆರೂಳಿನ ಪಾಲಕರು ಇದನ್ನೆಲ್ಲ ನೋಡುತ್ತ ನಿಂತಿದ್ದರು. ಅಪ್ಪ ಅವರ ಕಡೆಗೆ ಕೈಮುಗಿದು, ಖಾಲಿ ಡಬ್ಬಿಯನ್ನು ತೋರಿಸಿ ನಕ್ಕರು. ಕ್ಷಮೆ ಕೇಳುವ ನಗು ಅದು. ಆಚೆಯಿಂದ ಅದು ಬೇರೆಯದೇ ನಗುವಾಗಿ ಕಂಡಿರಬೇಕು.

ಮೊದಲ ಅರ್ಧದಲ್ಲಿ ಅವರ ಹುಡುಗಿಯೊಬ್ಬಳು ನಮ್ಮ ಗೋಲಿನ ಮುಂದೆ ತಾನಾಗಿಯೇ ಎಡವಿ ಬಿದ್ದಳು. ರೆಫರಿ ಹತ್ತಿರದಲ್ಲಿಯೇ ಇದ್ದರು, ಪೆನಾಲ್ಟಿ ಕೊಡಲಿಲ್ಲ. ಸರಿಯಾದ ತೀರ್ಪು. ಆಚೆ ಬದಿಯಲ್ಲಿ ಒಬ್ಬ ಗಂಡಸು ಕೂಗಿದ: "ಇಡ್ಲಿ ಖಾಯಾ ಹೈ, ಸೀಟಿ ಕೈಸೆ ಬಜೇಗೀ!" ಇಡ್ಲಿ ತಿಂದ ಬಾಯಿಂದ ಸೀಟಿ ಹೇಗೆ ಊದಿಯಾನು ಎಂದು. ಎಲ್ಲರೂ ನಕ್ಕರು. ಒಬ್ಬ ಹೆಂಗಸು, ಸಾಂಬಾರೂ ಸಿಕ್ಕಿತೇ ಎಂದು ಸೇರಿಸಿದಳು: "ಸಾಂಬಾರ್ ಭೀ ಮಿಲಾ ಕ್ಯಾ, ಸರ್?" ನಮ್ಮ ಕಡೆಯವರೂ ನಕ್ಕರು, ನಗದೆ ಇದ್ದವರು ರೆಫರಿ ಒಬ್ಬರೇ. ಅವರ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಅಲ್ಲಿಂದ ಮುಂದೆ ನಮ್ಮ ಪರವಾಗಿ ಹೋಗುವ ಪ್ರತಿ ಥ್ರೋಗೂ ಆ ಬದಿಯಿಂದ "ಇಡ್ಲಿ, ಇಡ್ಲಿ" ಎಂಬ ಕೂಗು ಚಪ್ಪಾಳೆಯ ತಾಳದಲ್ಲಿ ಬರತೊಡಗಿತು.

ಎರಡನೆಯ ಅರ್ಧದ ಕೊನೆಯ ಹೊತ್ತಿಗೆ ಎರಡೂ ಕಡೆ ಗೋಲಿರಲಿಲ್ಲ. ಅವರ ಹುಡುಗಿ ದೂರದಿಂದ ಒದ್ದ ಚೆಂಡು ತಂಗಿಯ ಬೆರಳ ತುದಿ ಸವರಿ, ಮೇಲಿನ ಅಡ್ಡಕಂಬಕ್ಕೆ ಬಡಿದು, ನೆಟ್ಟಗೆ ಕೆಳಕ್ಕೆ ಬಿತ್ತು. ಬಿದ್ದಲ್ಲಿ ಸುಣ್ಣದ ಪುಡಿ ಎದ್ದಿತು. ಚೆಂಡು ಪುಟಿದು ಹೊರಗೆ ಬಂದಾಗ ತಂಗಿ ಅದರ ಮೇಲೆ ಬಿದ್ದು ಅಪ್ಪಿಕೊಂಡಳು. ಫುಟ್‌ಬಾಲಿನಲ್ಲಿ ಚೆಂಡು ಪೂರ್ತಿಯಾಗಿ ಗೆರೆಯನ್ನು ದಾಟಿದರೆ ಮಾತ್ರ ಗೋಲು. ಗೆರೆಯ ಮೇಲೆ ಬಿದ್ದದ್ದು ಗೋಲಲ್ಲ. ಬಾವುಟದ ಟೀಚರ್ ಬಾವುಟ ಎತ್ತಲಿಲ್ಲ. ರೆಫರಿ ಇನ್ನೂ ಮೈದಾನದ ನಡುವಿನಿಂದ ಓಡಿ ಬರುತ್ತಿದ್ದರು. ಆಚೆ ಬದಿಯ ಕೂಗು ತಾರಕಕ್ಕೇರಿತ್ತು: ಇಡ್ಲಿ, ಇಡ್ಲಿ. ರೆಫರಿ ಓಟ ನಿಲ್ಲಿಸಿದರು, ಟೀಚರ ಕಡೆ ನೋಡಿದರು, ಆ ಜನರ ಕಡೆ ನೋಡಿದರು. ಆಮೇಲೆ ಸೀಟಿ ಊದಿ ಮೈದಾನದ ನಡುವಿಗೆ ಕೈ ತೋರಿಸಿದರು. ಗೋಲು.

ತಂಗಿ ಚೆಂಡನ್ನು ಎತ್ತಿ ಹಿಡಿದು ಓಡಿದಳು. "ಸರ್, ಚುನಾ ದೇಖೋ! ಲಾಯಿನ್ ಪೇ ಗಿರಾ!" ಸುಣ್ಣ ನೋಡಿ, ಗೆರೆಯ ಮೇಲೆ ಬಿದ್ದಿದೆ ಎಂದು. ಚೆಂಡಿನ ಒಂದು ಮಗ್ಗುಲಲ್ಲಿ ಸುಣ್ಣ ಹತ್ತಿತ್ತು, ದಪ್ಪ ಬಿಳಿ ಪಟ್ಟಿಯಂತೆ. ಗೆರೆಯ ಮೇಲೆ ಬಿದ್ದದ್ದಕ್ಕೆ ಇದ್ದ ಸಾಕ್ಷಿ ಅದೊಂದೇ. ಚೆಂಡು ಹುಲ್ಲಿನ ಮೇಲೆ ಮತ್ತೊಮ್ಮೆ ಉರುಳಿದರೆ ಆ ಸಾಕ್ಷಿ ಅಳಿಯುತ್ತದೆ ಎಂದು ಅವಳಿಗೆ ತಕ್ಷಣ ಹೊಳೆದಿತ್ತು. ರೆಫರಿ ಚೆಂಡು ಕೇಳಿದರು. ಅವಳು "ಪಹಲೇ ದೇಖೋ", ಮೊದಲು ನೋಡಿ, ಎಂದಳು. ಅವರು ಮತ್ತೆ ಕೇಳಿದರು. ಅವಳು ಸುಣ್ಣ ಹತ್ತಿದ ಮಗ್ಗುಲನ್ನು ಹೊರಗೆ ಮಾಡಿ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಗೋಲಿನ ಮುಂದೆ ಕೂತೇಬಿಟ್ಟಳು. ರೆಫರಿ ಚೆಂಡಿನ ಕಡೆಗೆ ಕಣ್ಣು ಹಾಯಿಸದೆ ಕೆಂಪು ಕಾರ್ಡು ತೆಗೆದರು.

ನಮ್ಮ ಕೋಚ್ ಬಂದು ಚೆಂಡನ್ನು ಬಿಡಿಸಿಕೊಂಡರು. ಡಿಫೆಂಡರ್ ಹುಡುಗಿ ದೊಗಳೆ ಗ್ಲೌಸು ಹಾಕಿಕೊಂಡು ಗೋಲಿನಲ್ಲಿ ನಿಂತಳು. ಒಂದು ಗೋಲಿನಿಂದ ಸೋತೆವು.

ಆಮೇಲೆ ತಿಳಿಯಿತು: ಟ್ರಯಲಿಗೆ ನಮ್ಮ ತಂಡದಿಂದ ಇಬ್ಬರಿಗೆ ಕರೆ ಬಂದಿದೆ, ತಂಗಿಗೆ ಇಲ್ಲ. ಅಶಿಸ್ತಿನ ವಿಚಾರ ಇತ್ಯರ್ಥವಾಗುವ ತನಕ ಅವಳನ್ನು ತಡೆಹಿಡಿಯಲಾಗಿದೆ. ನಾನು ಟೂರ್ನಮೆಂಟ್ ಸಮಿತಿಗೆ ಪತ್ರ ಬರೆದೆ. ಸೋಲನ್ನು ವಾಪಸು ಕೊಡಿ ಎಂದು ಕೇಳಲಿಲ್ಲ. ಆಟದ ನಡುವೆ ರೆಫರಿಯ ಮಾತೇ ಅಂತಿಮ, ಒಪ್ಪುತ್ತೇನೆ. ಇಲ್ಲದಿದ್ದರೆ ಯಾವ ಆಟವೂ ಮುಗಿಯುವುದಿಲ್ಲ. ಆದರೆ ಅಂತಿಮವಾದದ್ದೆಲ್ಲ ಸರಿಯಾದದ್ದಲ್ಲ. ಆಟ ಮುಗಿದ ಮೇಲಾದರೂ ಒಬ್ಬ ವಿದ್ಯಾರ್ಥಿನಿಯನ್ನು ಶಿಕ್ಷಿಸುವ ಮೊದಲು ಅವಳ ಮಾತು ಕೇಳಬೇಕು, ಬಾವುಟದ ಟೀಚರನ್ನು ಕೇಳಬೇಕು, ಇಷ್ಟೇ ನನ್ನ ಬೇಡಿಕೆ. ಉತ್ತರವಾಗಿ ಫೋನ್ ಬಂತು: ಮಗಳನ್ನು ಕರೆದುಕೊಂಡು ತಂದೆ ಬರಲಿ.

ಮೂವರೂ ಹೋದೆವು. ಅದೇ ನೆರೂಳಿನ ಶಾಲೆಯ ಕಚೇರಿ. ಸಮಿತಿಯ ಕಾರ್ಯದರ್ಶಿಗಳು ಬಾಗಿಲಿಗೇ ಬಂದು ಅಪ್ಪನ ಕೈ ಹಿಡಿದರು.

"ಬರ್ರಿ ಅಣ್ಣಾರ, ಕೂಡ್ರಿ. ನಾವೂ ಕನ್ನಡದವ್ರ ಅದೀವಿ, ಧಾರವಾಡ ಕಡೇವ್ರು. ನಮ್ಮ ನಮ್ಮೊಳಗ ಮುಗಿಸೂಣಂತ."

ಅಪ್ಪನ ಭುಜಗಳು ಸಡಿಲಾದವು. ನಮ್ಮವರು ಎಂಬ ಮಾತಿಗೆ ಈ ಊರಿನಲ್ಲಿ ಇರುವ ಬಲ ದೊಡ್ಡದು. ಎಷ್ಟೋ ಪ್ರಶ್ನೆಗಳು ಹುಟ್ಟುವ ಮೊದಲೇ ಅದರ ಕೆಳಗೆ ಮುಚ್ಚಿಹೋಗುತ್ತವೆ. ಮೂಲೆಯ ಕುರ್ಚಿಯಲ್ಲಿ ರೆಫರಿ ಕೂತಿದ್ದರು. ಅವರ ಮುಂದಿಟ್ಟ ಚಹಾವನ್ನು ಅವರು ಮುಟ್ಟಿರಲಿಲ್ಲ.

"ಬಾವುಟದ ಟೀಚರನ್ನು ಕರೆಸಿದ್ದೀರಾ?" ಎಂದು ಕೇಳಿದೆ.

"ನೋಡವ್ವಾ, ಇದು ಸಾಲಿ ಹುಡುಗೂರ ಆಟ ಐತಿ. ಹೈಕೋರ್ಟ್ ಅಲ್ಲ" ಎಂದರು ಕಾರ್ಯದರ್ಶಿಗಳು. "ಒಂದು ಮಾಫಿ ಪತ್ರ ಬರದು ಕೊಡ್ಲಿ. ರೆಫರಿ ಕೊಟ್ಟ ಗೋಲು ಬರೋಬ್ಬರಿ ಇತ್ತು, ನನ್ನದ ತಪ್ಪಾತು ಅಂತ. ನಾಳೆ ಸಂಜಿ ಒಳಗ ಬಂದ್ರ ಟ್ರಯಲ್ ದಾರಿ ಖುಲ್ಲಾ."

"ಬಾಲ್ ನಹೀ ದಿಯಾ, ಉಸಕಾ ಸಾರಿ ಲಿಖತೀ ಹೂಂ" ಎಂದಳು ತಂಗಿ. "ಗೋಲ್ ಕಾ ನಹೀ." ಚೆಂಡು ಕೊಡದ್ದಕ್ಕೆ ಕ್ಷಮೆ ಬರೆಯುತ್ತೇನೆ, ಗೋಲಾಯಿತೆಂದು ಬರೆಯುವುದಿಲ್ಲ.

"ಅರ್ಧಾ ಮಾಫಿ ಅಂತ ಇರಾಂಗಿಲ್ಲವ್ವಾ."

ಅಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟರು. "ಬರಿ ಮಗಾ. ಮಾಫಿ ಕೇಳಿದ್ರೆ ಎಂತ ಹೋಗ್ತದೆ? ಗಿರಾಕಿ ಚಾ ತಣ್ಣಗುಂಟು ಅಂದ್ರೂ ಮಾಫಿ ಕೇಳ್ತೇನೆ, ಬಿಸಿ ಉಂಟು ಅಂದ್ರೂ ಕೇಳ್ತೇನೆ ನಾನು."

ಅವಳು ರೆಫರಿಯ ಕಡೆ ತಿರುಗಿದಳು. ಮರಾಠಿಯಲ್ಲಿ, ಶಾಲೆಯ ಮಾಸ್ತರನ್ನು ಕೇಳುವ ಗೌರವದಲ್ಲಿಯೇ ಕೇಳಿದಳು: "ಸರ್, ತುಮ್ಹೀ ಬಘಿತಲಂತ್ ಕಾ?" ನೀವು ನೋಡಿದಿರಾ?

ಅವರು ತಲೆ ಎತ್ತಲಿಲ್ಲ. "ಮೀ ಲಾಂಬ್ ಹೋತೋ" ಎಂದರು. ನಾನು ದೂರದಲ್ಲಿದ್ದೆ. ಮತ್ತೆ ಯಾರನ್ನೂ ನೋಡದೆ, ತಡವರಿಸುತ್ತ ಹೇಳಿದರು: ಎಲ್ಲರೂ ಇಡ್ಲಿ ಇಡ್ಲಿ ಎಂದು ಕೂಗುತ್ತಿದ್ದರು, ಗೋಲು ಕೊಡದಿದ್ದರೆ ತಿಂದದ್ದಕ್ಕೇ ಕೊಡಲಿಲ್ಲ ಎನ್ನುತ್ತಿದ್ದರು, ತಾನು ಹಾಗೆ ಮಾರಿಕೊಳ್ಳುವ ಮನುಷ್ಯನಲ್ಲ.

ತಾನು ಪ್ರಾಮಾಣಿಕನೆಂದು ಜನರಿಗೆ ತೋರಿಸಲು ಒಬ್ಬ ಮನುಷ್ಯ ತಾನು ಕಾಣದ ಗೋಲನ್ನು ಕೊಟ್ಟಿದ್ದ. ನನ್ನ ಪತ್ರಕ್ಕೆ, ನನ್ನ ಎಲ್ಲ ಪುಸ್ತಕಗಳಿಗೆ ಬೇಕಾಗಿದ್ದ ಮಾತು ಅಲ್ಲಿಯೇ ಹೊರಬಿದ್ದಿತ್ತು.

"ಇವರು ಹೇಳಿದ್ದನ್ನು ಬರೆದುಕೊಳ್ಳಿ" ಎಂದೆ.

"ಅದನ್ನೆಲ್ಲಾ ಏನ್ ಬರ್ಕೊಳ್ಳೂದು, ಬಿಡ್ರಿ" ಎಂದು ಕಾರ್ಯದರ್ಶಿಗಳು ಎದ್ದರು. "ರೆಫರಿ ಕೊಟ್ಟದ್ದ ಫೈನಲ್. ನಾಳೆ ಸಂಜಿ, ಅಣ್ಣಾರ. ಮರೀಬ್ಯಾಡ್ರಿ."

ಆ ರೆಫರಿಯ ಮೇಲೆ ನನಗೆ ಇಂದು ಕೋಪ ಕಡಿಮೆ. ತರಬೇತಿ ಕೊಡದೆ ಸೀಟಿ ಕೊಟ್ಟು, ಕೂಗುವ ಜನರ ನಡುವೆ ಅವರನ್ನು ಒಂಟಿಯಾಗಿ ನಿಲ್ಲಿಸಿದವರು ಬೇರೆ. 'ನನಗೆ ಕಾಣಲಿಲ್ಲ' ಎಂದು ಒಬ್ಬ ರೆಫರಿ ಹೇಳಿದರೆ ಅದನ್ನು ಕೇಳಿಸಿಕೊಳ್ಳುವ ಜಾಗ ಇಡೀ ಸಮಿತಿಯಲ್ಲಿ ಇರಲಿಲ್ಲ. ಹೇಳಿದ ಮೇಲೆಯೂ ಅದನ್ನು ಕೇಳಿಸಿಕೊಳ್ಳದೆ, ಒಬ್ಬ ಹುಡುಗಿಯಿಂದ ಸುಳ್ಳು ಬರೆಸಿಕೊಳ್ಳಲು ಹೊರಟವರ ಮೇಲೆ ನನ್ನ ಕೋಪ ಹಾಗೆಯೇ ಇದೆ.

ಠಾಣೆಗೆ ಹಿಂದಿರುಗುವ ಲೋಕಲ್ ರೈಲಿನಲ್ಲಿ ಜಾಗ ಸಿಕ್ಕಿತು. ತಂಗಿ ಕಿಟಕಿಯ ಪಕ್ಕ ಕೂತು ಗ್ಲೌಸಿನ ಪಟ್ಟಿಯನ್ನು ಚರ್ರೆಂದು ಬಿಚ್ಚುವುದು, ಅಂಟಿಸುವುದು ಮಾಡುತ್ತಿದ್ದಳು. ಯಾಕೆ ತಂದಿದ್ದಳೋ ಗೊತ್ತಿಲ್ಲ, ಅವು ಬ್ಯಾಗಿನಲ್ಲಿದ್ದವು. ಘನಸೋಲಿ ಸ್ಟೇಷನ್ ದಾಟಿತು. ಐರೋಲಿಯ ಹತ್ತಿರ ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಮಗಾ, ಒಂದು ಕೇಳ್ತೇನೆ. ಬಾಲ್ ಒಳಗೆ ಹೋಗಿತ್ತಾ?"

ಅಲ್ಲಿಯವರೆಗೆ ಅವರೂ ಕೇಳಿರಲಿಲ್ಲ ಎನ್ನುವುದು ನನಗೆ ಆಗ ತಿಳಿಯಿತು.

"ಇಲ್ಲ ಪಪ್ಪಾ. ಗೆರೆ ಮೇಲೆ ಬಿತ್ತು."

"ಸತ್ಯ?"

"ಸತ್ಯ. ಚುನಾ ಹತ್ತಿತ್ತು."

"ಹಾಗಾದ್ರೆ ಬರೀಬೇಡ" ಎಂದರು ಅಪ್ಪ. ಆಮೇಲೆ, ತಮಗೆ ತಾವೇ ಎಂಬಂತೆ, "ಚಾ ಬೇರೆ, ಇದು ಬೇರೆ."

"ಟ್ರಯಲ್ ಹೋಗುತ್ತೆ, ಪಪ್ಪಾ."

"ಗೊತ್ತುಂಟು."

ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಪಟ್ಟಿಯ ಸದ್ದು ನಿಂತಿತು. ಮರುದಿನ ಸಂಜೆ ಬಂತು, ಹೋಯಿತು. ನಾವು ಏನನ್ನೂ ಕಳಿಸಲಿಲ್ಲ.

ಟ್ರಯಲ್ ನಡೆದದ್ದು ಠಾಣೆಯಲ್ಲಿ, ಒಂದು ಭಾನುವಾರ. ಗೆಳತಿಯರಿಬ್ಬರು ಆಡುವುದನ್ನು ನೋಡುತ್ತೇನೆ ಎಂದು ತಂಗಿ ಹೊರಟಳು. ನಾನೂ ಜೊತೆಗೆ ಹೋದೆ. ಅಪ್ಪ ಎಂದಿನ ಎರಡು ಡಬ್ಬಿಗಳ ಜೊತೆಗೆ ಈ ಸಲ ಇನ್ನೂ ಒಂದು ಡಬ್ಬಿ ಇಡ್ಲಿ ತುಂಬಿಸಿದ್ದರು. ಮೈದಾನದ ಒಳಗೆ ಹೋಗದೆ ಗೇಟಿನ ಹೊರಗೆ, ಗೋಡೆಯ ನೆರಳಿನಲ್ಲಿ ಡಬ್ಬಿಗಳನ್ನು ಇಟ್ಟುಕೊಂಡು ನಿಂತರು. ತಂಗಿ ಒಳಗೆ ಹೋಗಿ ಗೋಲಿನ ಹಿಂದೆ, ಬಲೆಗೆ ಬೆರಳು ಸಿಕ್ಕಿಸಿ ನಿಂತಳು. ಬೇರೆ ಯಾವುದೋ ಶಾಲೆಯ ಹುಡುಗಿ ಗೋಲಿನಲ್ಲಿದ್ದಳು. ಒಳ್ಳೆಯ ಆಟಗಾರ್ತಿಯೇ, ಆದರೆ ಎತ್ತರದ ಚೆಂಡಿಗೆ ತಡವಾಗಿ ಹಾರುತ್ತಿದ್ದಳು. ಪ್ರತಿ ಸಲವೂ ಬಲೆಯ ಹಿಂದಿನಿಂದ ತಂಗಿಯ ಹಿಮ್ಮಡಿ ಅವಳಿಗಿಂತ ಮೊದಲು ನೆಲದಿಂದ ಏಳುತ್ತಿತ್ತು.

ಮೊದಲ ಗುಂಪು ಆಡಿ ಮುಗಿದಾಗ ಕಾರ್ಯದರ್ಶಿಗಳು ಗೇಟಿನ ಹತ್ತಿರ ಬಂದರು. ಏನೂ ಆಗಿಲ್ಲವೆಂಬಂತೆ ಕೈ ಉಜ್ಜಿಕೊಂಡರು.

"ಏನ್ರೀ ಅಣ್ಣಾರ, ಇವತ್ತ ಇಡ್ಲಿ ತಂದಿಲ್ಲೇನು?"

"ತಂದಿದ್ದೇನೆ."

"ಮತ್ತ ತೆಗೀರಲ್ಲ. ಸೆಲೆಕ್ಟರ್ ಮಂದಿ ಹಸದಾರ."

ಅಪ್ಪ ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಇಟ್ಟರು. "ಆಟ ಮುಗೀಲಿ. ಮುಗಿದ ಮೇಲೆ ಎಲ್ಲರಿಗೂ ಉಂಟು."

"ಅಯ್ಯ, ಅಷ್ಟೊತ್ತಿಗೆ ಆರತಾವಲ್ರೀ!"

"ಆರ್ಲಿ" ಎಂದರು ಅಪ್ಪ.