ಬಾವಿಕಟ್ಟೆಯ ಗೀರು

“ನ್ಯೂ ಟೌನಿನ ಈ ಬಾವಿಯನ್ನು ಕಾರ್ಖಾನೆಯವರೇ ತೋಡಿಸಿದರು, ತೋಡಿಸಿದಾಗಲೇ ಕಬ್ಬಿಣದ ರಾಟೆಯನ್ನೂ ಹಾಕಿಸಿದರು.” ಭದ್ರಾವತಿಯ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಸಿಗುವ ಮಾತಿದು. ಮನೆ, ದೀಪ, ನಲ್ಲಿ, ಶಾಲೆ ಎಲ್ಲವನ್ನೂ ಅಲ್ಲಿನ ಉಕ್ಕಿನ ಕಾರ್ಖಾನೆಯಿಂದ ಪಡೆದ ಜನ ಅವರು; ಹಳೆಯದೇನು ಕಂಡರೂ ಕಾರ್ಖಾನೆಯ ಹೆಸರಿಗೇ ಬರೆದುಬಿಡುತ್ತಾರೆ. ನಾನು ಒಪ್ಪಿದವನಲ್ಲ. ಅಲ್ಲಿ ಮೊದಲೊಂದು ಹಳ್ಳಿಯಿತ್ತು, ಬಾವಿ ಆ ಹಳ್ಳಿಯದು ಎಂದು ಹಟ ಹಿಡಿದು ಹೇಳುತ್ತ ಬಂದವನು.

ಹೈಸ್ಕೂಲಿನ ಮೆಟ್ಟಿಲು ಹತ್ತದೆ, ಗ್ರಂಥಾಲಯದ ಬೆಂಚಿನ ಮೇಲೆ ಓದು ಕಲಿತು, ಸುತ್ತಲ ಊರುಗಳ ಹಳೆಯ ಸಂಗತಿಗಳನ್ನು ಕೆದಕುತ್ತ ಬಂದವನು ನಾನು. ಶಿವಮೊಗ್ಗದ ಸವಳಂಗ ರಸ್ತೆಯ ನನ್ನ ಮನೆಗೆ ಕಳೆದ ವರ್ಷ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದಳು. ನ್ಯೂ ಟೌನಿನ ನೀರಿನ ವ್ಯವಸ್ಥೆ ಆಕೆಯ ಇತಿಹಾಸದ ಪ್ರಬಂಧದಲ್ಲೊಂದು ಅಧ್ಯಾಯ. ಅದು ಆರಂಭವಾಗುವುದೇ ಕಾರ್ಖಾನೆಗಿಂತ ಹಳೆಯದೆಂದು ಆಕೆ ಊಹಿಸಿದ್ದ ಆ ಬಾವಿಯಿಂದ. ಆ ಊಹೆಗೆ ಆಧಾರ ತೋರಿಸದಿದ್ದರೆ ಬಾವಿಯ ಭಾಗವನ್ನು ತೆಗೆಯಬೇಕೆಂದು ಮಾರ್ಗದರ್ಶಕರು ಹೇಳಿದ್ದರಂತೆ. ತೆಗೆದರೆ ಅಧ್ಯಾಯವನ್ನು ಹೊಸದಾಗಿ ಕಟ್ಟಬೇಕು. ಒಂದು ವರ್ಷದ ದುಡಿಮೆ ಹೋದಂತೆ.

ನಾನು ಹಳ್ಳಿಯ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಆಕೆ ಬರೆದುಕೊಂಡು ತಲೆಯೆತ್ತಿದಳು.

“ಇದನ್ನ ನಿಮಗೆ ಹೇಳಿದೋರು ಕಂಡಿದ್ರಾ ಅಜ್ಜ, ಕೇಳಿದ್ರಾ?”

ಅವರೂ ಕೇಳಿದ್ದೇ ಎಂದು ಒಪ್ಪಿಕೊಂಡೆ.

“ಹಾಗಾದ್ರೆ ನ್ಯೂ ಟೌನಿನವರದ್ದೂ ಕೇಳಿದ್ದು, ನಿಮ್ಮದೂ ಕೇಳಿದ್ದು. ಇಬ್ರೂ ಸರಿಸಮ ಆದ್ರಿ.”

ಕಂಡದ್ದೋ ಕೇಳಿದ್ದೋ ಎಂದು ಊರಿಗೆಲ್ಲ ನಾನು ಹಾಕುತ್ತಿದ್ದ ಪ್ರಶ್ನೆಯನ್ನು ನನಗೆ ಯಾರೂ ಹಾಕಿರಲಿಲ್ಲ. ಆಕೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ. ಇತಿಹಾಸಕಾರರಾಗಲು ಹೊರಟವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಇದನ್ನು: ತಮಗೆ ಅನುಕೂಲವಾದ ಮಾತನ್ನಾಡುವವರನ್ನೂ ಅದೇ ತಕ್ಕಡಿಯಲ್ಲಿ ತೂಗುವುದು.

ಮರುದಿನ ಇಬ್ಬರೂ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಬತ್ತಿದ ಬಾವಿಯ ಬಾಯಿಗೆ ಜಾಲರಿ ಹೊದಿಸಿದ್ದರು. ಆಕೆ ಕಟ್ಟೆಯ ಸುತ್ತ ಬಗ್ಗಿ ನೋಡುತ್ತಿರಲು ಎದುರುಮನೆಯ ಮುದುಕಿ ಹೊರಗೆ ಬಂದು, “ನೀರೇ ಇಲ್ಲ ಮಾರಾಯ್ತಿ, ಏನ್ ಹುಡುಕ್ತಿದೀಯ?” ಎಂದರು.

“ನೀರಲ್ಲ ಅಮ್ಮ, ಹಗ್ಗ ಹುಡುಕ್ತಿದೀನಿ.”

ಹಗ್ಗ ಎಂದೋ ಹೋಗಿತ್ತು, ಅದರ ಗುರುತು ಉಳಿದಿತ್ತು. ಅಂಚಿನ ಕಲ್ಲುಗಳಲ್ಲಿ ಹಗ್ಗ ಉಜ್ಜಿ ಸವೆದ ಗೀರುಗಳು. ರಾಟೆಯ ಮೇಲೆ ಹರಿಯುವ ಹಗ್ಗ ಕಲ್ಲಿಗೆ ತಾಗುವುದಿಲ್ಲ. ರಾಟೆಯಿಲ್ಲದೆ ಕೈಯಿಂದ ಸೇದಿದರಷ್ಟೇ ಹೀಗೆ ಸವೆಯುತ್ತದೆ. ರಾಟೆಗಿಂತ ಮೊದಲೇ ಬಾವಿಯಿತ್ತು, ಗೆದ್ದೆನೆಂದುಕೊಂಡೆ. ಆಕೆ ಒಪ್ಪಲಿಲ್ಲ. ರಾಟೆ ಮುರಿದ ಮೇಲೆ ಜನ ಕೈಯಿಂದಲೇ ಸೇದಿರಬಹುದಲ್ಲ ಎಂದು ತನ್ನ ಆಧಾರವನ್ನು ತಾನೇ ಕೆಡವಿ ಕೂತಳು. ಆಮೇಲೆ ಮುದುಕಿಯಿಂದ ಒದ್ದೆಬಟ್ಟೆ ಇಸಿದುಕೊಂಡು ಕಟ್ಟೆಯ ಮೇಲೆ ಇನ್ನೂ ನಿಂತಿದ್ದ ರಾಟೆಕಂಬದ ಬುಡವನ್ನು ಒರೆಸತೊಡಗಿದಳು. ಕೊಳೆ ಹೋದಾಗ ಕಂಡಿತು: ಒಂದು ಗೀರು ಕಂಬದ ಕಾಂಕ್ರೀಟಿನ ಅಡಿಗೇ ಹೋಗಿತ್ತು. ಕಂಬ ನಿಲ್ಲಿಸಿದಾಗ ಕಾಂಕ್ರೀಟು ಆ ಗೀರಿನೊಳಕ್ಕೆ ಇಳಿದು ಗಟ್ಟಿಯಾಗಿತ್ತು.

ಇನ್ನೇನು, ಹಳ್ಳಿಯ ಬಾವಿಯೆಂದು ಬರೆದುಬಿಡು ಎಂದೆ.

“ಹಳ್ಳಿ ಇತ್ತು ಅಂತ ಗೀರು ಹೇಳಲ್ಲ ಅಜ್ಜ. ಈ ಕಂಬಕ್ಕಿಂತ ಹಗ್ಗ ಮೊದಲು ಬಂತು ಅನ್ನುತ್ತೆ, ಅಷ್ಟೇ.”

ವಾಪಸು ಬರುವಾಗ ದಾರಿಯುದ್ದಕ್ಕೂ ವಾದಿಸಿದೆ. ಆಕೆ ಸೋಲಲಿಲ್ಲ. ಬರೆದದ್ದು ಇಷ್ಟು: ಒಂದೋ ಬಾವಿ ಕಾರ್ಖಾನೆಗಿಂತ ಹಳೆಯದು, ಇಲ್ಲವೇ ಈ ರಾಟೆಕಂಬ ತಡವಾಗಿ ಬಂದದ್ದು, ಎರಡರಲ್ಲಿ ಯಾವುದಾದರೂ ಜನರ ಮಾತು ಇದ್ದಂತೆಯೇ ನಿಲ್ಲದು. ನನ್ನ ಹಳ್ಳಿ ‘ಕೇಳಿದ್ದು’ ಎಂಬ ಗುರುತಿನೊಡನೆ ಅಡಿಟಿಪ್ಪಣಿಗೆ ಇಳಿಯಿತು. ನೋವಾಯಿತು, ನಿಜ. ಆದರೆ ಸಾಕ್ಷಿ ನಿಂತಲ್ಲಿ ತಾನೂ ನಿಲ್ಲುವ ಇಂಥ ಸಂಯಮವನ್ನು ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳಲ್ಲಿ ಕಂಡಿಲ್ಲ.

ಮಾರ್ಗದರ್ಶಕರು ತಾವೇ ಬಂದು ನೋಡಿ ಆ ಭಾಗವನ್ನು ಉಳಿಸಿದರು. ಕಟ್ಟೆ ಇನ್ನೂ ಅಲ್ಲಿದೆ. ಜಾಲರಿ ಬಾಯಿಗಷ್ಟೇ ಇದೆ, ಅಂಚಿಗಿಲ್ಲ. ಬೀದಿಯ ಬದಿಗಿರುವ ಆ ರಾಟೆಕಂಬದ ಬುಡದಲ್ಲಿ ಬೆರಳಿಟ್ಟು ಎಳೆದರೆ ಬೆರಳು ಕಲ್ಲಿನ ಗೀರಿನಲ್ಲಿ ಜಾರುತ್ತ ಹೋಗಿ ಕಾಂಕ್ರೀಟಿಗೆ ತಾಗಿ ನಿಲ್ಲುತ್ತದೆ.