ಎದುರುಮನೆಯ ಹಿಡಿಯಕ್ಕಿ

ಹಾಸ್ಟೆಲು ಬಿಟ್ಟು ಸೂರತ್‌ನಲ್ಲಿ ಹೊಸದಾಗಿ ಹಿಡಿದ ಬಾಡಿಗೆ ಮನೆಯಲ್ಲಿ ಮಗಳು ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಾಗ ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹುಳ ಬೀಳದಿರಲೆಂದು ಗುಜರಾತಿನವರು ವರ್ಷದ ಗೋಧಿಗೂ ಅಕ್ಕಿಗೂ ಔಡಲೆಣ್ಣೆ ಸವರಿ ಇಡುತ್ತಾರೆ. ನನಗೆ ಆ ವಾಸನೆ ಆಗದು. ಅಹಮದಾಬಾದಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನಮ್ಮ ಮನೆಯ ಅಕ್ಕಿಗೆ ಬೇವಿನೆಲೆಯೇ ಗತಿ. ಹಾಗಾಗಿ ಈ ಪಾಠ ಮಗಳಿಗೆ ನನ್ನಿಂದ ಬಂದದ್ದಲ್ಲ ಎಂದು ಆಗಲೇ ಗೊತ್ತಾಯಿತು. ಅವಳು ಒಂದು ಲೋಟ ಅಕ್ಕಿ ಅಳೆದು ಕುಕ್ಕರಿಗೆ ಹಾಕಿದಳು. ಹಾಕಿದ್ದರಿಂದಲೇ ಒಂದು ಹಿಡಿ ತೆಗೆದು ಪಕ್ಕದ ಸಣ್ಣ ಡಬ್ಬಿಗೆ ಸುರಿದಳು. ಆಮೇಲೆ ನಲ್ಲಿ ತಿರುಗಿಸಿ ಉಳಿದದ್ದನ್ನು ತೊಳೆಯತೊಡಗಿದಳು.

ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಮತ್ತೆ ಹೊತ್ತಿಕೊಂಡಿತು. ತೀರಿಕೊಂಡು ಒಂದು ವರ್ಷವಾದರೂ ಅಹಮದಾಬಾದಿನ ನಮ್ಮ ಹಳೆಯ ಎದುರುಮನೆಯಾಕೆ ನನ್ನ ಮಗಳ ಅಡುಗೆಮನೆಗೆ ನನಗಿಂತ ಮೊದಲೇ ಬಂದು ನಿಂತಿದ್ದಳು...

ನಾನು ಗದಗ ಕಡೆಯವಳು, ಕ್ರೈಸ್ತ ಸಭಾಪಾಲಕರ ಮಗಳು. ದೇವಾಲಯದ ಅಂಗಳದಲ್ಲೇ ಆಡಿ ಬೆಳೆದವಳು. ಹತ್ತು ವರ್ಷ ತುಂಬುವುದರೊಳಗೆ ಬೈಬಲಿನ ನೂರಾರು ವಚನಗಳು ಬಾಯಿಪಾಠವಾಗಿದ್ದವು. ಯಾರಾದರೂ ಅರ್ಧ ಹೇಳಿ ನಿಲ್ಲಿಸಿದರೆ ಉಳಿದರ್ಧವನ್ನು ಅಧ್ಯಾಯದ ಸಂಖ್ಯೆಯ ಸಮೇತ ಹೇಳಿ ಮುಗಿಸುತ್ತಿದ್ದೆ. ಕ್ರಿಸ್ತನ ಹಿಂದೆ ನಡೆಯುವವರನ್ನು ಕಣ್ಣಾರೆ ನೋಡಿ ನಾವೂ ಹಾಗೆ ನಡೆಯಬೇಕು ಎಂದು ಅಪ್ಪ ಆಗಾಗ ಬೋಧಿಸುತ್ತಿದ್ದರು. ಊರವರು ನೋಡಿ ನಡೆಯಬೇಕಾದ ಆ ಮನುಷ್ಯಳು ನಾನೇ ಎಂದು ಚಿಕ್ಕಂದಿನಿಂದಲೇ ನನಗೊಂದು ಗಟ್ಟಿ ತಿಳಿವಳಿಕೆ ಇತ್ತು.

ಯಜಮಾನರಿಗೆ ತೈಲ ಕಂಪನಿಯಲ್ಲಿ ಕೆಲಸ. ಚಾಂದ್‌ಖೇಡಾದ ಕ್ವಾರ್ಟರ್ಸಿಗೆ ಬಂದಾಗ ಮಗಳಿಗೆ ಐದು ವರ್ಷ. ನಗರದ ದೇವಾಲಯಗಳಲ್ಲಿ ಆರಾಧನೆ ಗುಜರಾತಿಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಸುತ್ತಮುತ್ತ ಇದ್ದ ಆರು ಕನ್ನಡ ಕ್ರೈಸ್ತ ಮನೆಗಳವರನ್ನು ಹುಡುಕಿ ಸೇರಿಸಿ, ಭಾನುವಾರ ಸಂಜೆ ನಮ್ಮ ಮನೆಯಲ್ಲೇ ಪ್ರಾರ್ಥನಾ ಕೂಟ ಆರಂಭಿಸಿದೆ. ಕೀರ್ತನೆ ಎತ್ತಿಕೊಡುವವಳು ನಾನು, ಓದುವವಳು ನಾನು, ಅರ್ಥ ಹೇಳುವವಳೂ ನಾನು. ಅವಲಕ್ಕಿ, ಚಹಾ ಕೂಡ ನಮ್ಮದೇ. ನಾಲ್ಕು ವರ್ಷ ಹೀಗೆ ಸುಖವಾಗಿ ನಡೆಯಿತು.

ಆಮೇಲೆ ಎದುರಿನ ಮನೆಗೆ ಆಕೆ ಬಂದಳು. ಬೀದರ್ ಕಡೆಯವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಗಂಡ ಎಣ್ಣೆ ಬಾವಿ ಕೊರೆಯುವ ಜಾಗದಲ್ಲಿ ಹದಿನಾಲ್ಕು ದಿನ, ಮನೆಯಲ್ಲಿ ಹದಿನಾಲ್ಕು ದಿನ. ಮಕ್ಕಳಿರಲಿಲ್ಲ. ಮೊದಲ ಭಾನುವಾರ ಕೂಟಕ್ಕೆ ಬಂದವಳು ಬಾಗಿಲ ಪಕ್ಕದಲ್ಲೇ ಕೂತಳು. ಒಳಗೆ ಬನ್ನಿ, ನೀವೂ ಒಂದು ಭಾಗ ಓದಿ ಎಂದು ಪುಸ್ತಕ ಕೊಡಹೋದೆ.

“ನಂಗ ಓದ್ಲಿಕ್ಕ ಬರಂಗಿಲ್ರಿ ಅಕ್ಕೋರೆ. ಕೇಳ್ಲಿಕ್ಕ ಬಂದೀನಿ,” ಎಂದಳು.

ನನಗೆ ಆಕೆಯ ಮೇಲೆ ಕನಿಕರ ಬಂತು. ಆ ಕನಿಕರದ ಆಯುಷ್ಯ ಎರಡೇ ತಿಂಗಳು.

ಹಿಡಿಯಕ್ಕಿ ನಮ್ಮ ಸಭೆಯ ಹೆಂಗಸರಿಗೆ ಹೊಸದೇನಲ್ಲ. ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ದೇವರ ಹೆಸರಿನಲ್ಲಿ ಬೇರೆ ತೆಗೆದಿಡುವುದು. ಶನಿವಾರ ಹೆಂಗಸರ ಸಂಘದವರು ಮನೆಮನೆಗೆ ಬಂದು ಒಯ್ಯುವುದು. ನನ್ನ ಅವ್ವ ಮಾಡುತ್ತಿದ್ದಳು. ಅಹಮದಾಬಾದಿನಲ್ಲಿ ಒಯ್ಯುವವರೇ ಇಲ್ಲವೆಂದು ನಾನು ಅದನ್ನು ಬಿಟ್ಟಿದ್ದೆ. ಎದುರುಮನೆಯಾಕೆ ಬಿಟ್ಟಿರಲಿಲ್ಲ. ತನ್ನ ಊರಿನ ಸಭೆಯಲ್ಲಿ ಒಬ್ಬ ಮುದುಕಿ ಇದ್ದಳಂತೆ, ಅವಳು ಮಾಡುವುದನ್ನು ನೋಡಿ ನೋಡಿ ತನಗೂ ರೂಢಿಯಾಯಿತಂತೆ. ಅದಕ್ಕಿಂತ ಹೆಚ್ಚಿನ ವಿವರಣೆ ಆಕೆಯ ಬಳಿ ಇರಲಿಲ್ಲ. ನಮ್ಮ ಕ್ವಾರ್ಟರ್ಸಿನ ಹಿಂದೆ ಫ್ಲ್ಯಾಟುಗಳು ಏಳುತ್ತಿದ್ದವು. ದಾಹೋದ್ ಕಡೆಯಿಂದ ಬಂದ ಕೂಲಿಯವರು ಅಲ್ಲೇ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಅವರಲ್ಲಿ ಯಾವಳಾದರೂ ಬಾಣಂತಿ ಇದ್ದರೆ ಡಬ್ಬಿಯ ಅಕ್ಕಿ ಅವಳಿಗೆ. ಯಾರೂ ಬಾಣಂತಿ ಇರದಿದ್ದರೆ ಜ್ವರ ಬಂದು ಕೆಲಸಕ್ಕೆ ಹೋಗದವರಿಗೆ. ಕೊಟ್ಟು ಬಂದದ್ದನ್ನು ಆಕೆ ಯಾರಿಗೂ ಹೇಳುತ್ತಿರಲಿಲ್ಲ, ಆದರೆ ನಮ್ಮ ಕೂಟದ ಹೆಂಗಸರಿಗೆ ಎಲ್ಲವೂ ಗೊತ್ತಾಗುತ್ತಿತ್ತು.

ಕೂಟ ಮುಗಿದ ಮೇಲೆ ಅವರೆಲ್ಲ ನಮ್ಮ ಅವಲಕ್ಕಿ ತಿಂದು, ಚಪ್ಪಲಿ ಮೆಟ್ಟಿ, ಎದುರುಮನೆಯ ಬಾಗಿಲಲ್ಲಿ ಅರ್ಧ ತಾಸು ನಿಲ್ಲತೊಡಗಿದರು. ಗಂಡನ ಕುಡಿತ, ಅತ್ತೆಯ ಕಾಟ, ಮಗನ ಪರೀಕ್ಷೆ, ಎಲ್ಲ ಆಕೆಯ ಮುಂದೆ. ವಚನ ಬಾರದ, ಸರಿಯಾಗಿ ರಾಗವೂ ಹಿಡಿಯದ ಹೆಂಗಸಿನ ಮುಂದೆ! ನಾನು ಒಳಗೆ ತಟ್ಟೆ ತೊಳೆಯುತ್ತಾ ಕಿವಿ ನಿಮಿರಿಸುತ್ತಿದ್ದೆ. ಆಕೆ ಹೇಳುತ್ತಿದ್ದುದೂ ಅಷ್ಟರಲ್ಲೇ ಇತ್ತು, ಹೂಂ ಅನ್ನುವುದು, ನಾಳೆ ಬಂದು ನೋಡ್ತೀನಿ ಅನ್ನುವುದು. ನಾಳೆ ಹೋಗಿ ನೋಡಿಯೂ ಬರುತ್ತಿದ್ದಳು, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ.

ಸುಮ್ಮನೆ ಉರಿಯುವುದಕ್ಕಿಂತ ಗೆಲ್ಲುವುದು ವಾಸಿ ಎಂದುಕೊಂಡೆ. ದೊಡ್ಡದೊಂದು ಸ್ಟೀಲಿನ ಡಬ್ಬಿ ತಂದು, ಕೂಟಕ್ಕೆ ಬಂದವರ ಕಣ್ಣಿಗೆ ಬೀಳುವಂತೆ ಅಡುಗೆಕಟ್ಟೆಯ ಮೇಲೆ ಇಟ್ಟೆ. ಆಕೆಯದು ಒಂದು ಹಿಡಿಯಾದರೆ ನನ್ನದು ಎರಡು. ಹದಿನೈದೇ ದಿನದಲ್ಲಿ ಡಬ್ಬಿ ತುಂಬಿತು. ಆಗ ಮಗಳಿಗೆ ಒಂಬತ್ತು ವರ್ಷ, ಪಕ್ಕದಲ್ಲಿ ನಿಂತು ಬಿಸ್ಕತ್ತು ತಿನ್ನುತ್ತಿದ್ದಳು.

“ಮಮ್ಮಿ, ನೀನು ಚೀಲದಿಂದ ತೆಗೀತೀಯ,” ಎಂದಳು. “ಆಂಟಿ ಕುಕ್ಕರಿಗೆ ಹಾಕಿದ್ದರಿಂದ ತೆಗೀತಾರೆ. ಅವರ ಮನೇಲಿ ಅನ್ನ ಕಮ್ಮಿ ಆಗ್ತದೆ, ನಮ್ಮನೇಲಿ ಆಗೋದೇ ಇಲ್ಲ.”

ಅಕ್ಕಿ ಎಲ್ಲಿಂದ ತೆಗೆದರೂ ಅಕ್ಕಿಯೇ, ಹೋಗಿ ಹೋಂವರ್ಕ್ ಮಾಡು ಎಂದು ಗದರಿದೆ. ಅವಳು ಹೇಳಿದ್ದು ಸರಿ ಎಂದು ಅವಳ ಮಾತು ಮುಗಿಯುವ ಮೊದಲೇ ನನಗೆ ಗೊತ್ತಾಗಿತ್ತು. ಅವ್ವನೂ ಅಳೆದಿಟ್ಟ ಅಕ್ಕಿಯಿಂದಲೇ ತೆಗೆಯುತ್ತಿದ್ದಳು, ನಾನು ಮರೆತಿದ್ದೆ. ಮರೆತಿದ್ದೇನೆ ಎಂದು ಮಗಳ ಮುಂದೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಹಟಕ್ಕೆ ಬಿದ್ದು ಮತ್ತೂ ಒಂದು ವರ್ಷ ಚೀಲದಿಂದಲೇ ತೆಗೆದೆ.

ಆದರೆ ಆ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು ಅಕ್ಕಿಯಲ್ಲ. ಮಗಳು ಆಕೆಯ ಅಡುಗೆಮನೆಯಲ್ಲಿ ನಿಂತು ಇಷ್ಟೆಲ್ಲ ನೋಡಿದ್ದಾಳಲ್ಲ ಎಂಬುದು. ಶಾಲೆಯಿಂದ ಬಂದವಳೇ ಬ್ಯಾಗು ನಮ್ಮನೆಯಲ್ಲಿ ಎಸೆದು ಎದುರುಮನೆಗೆ ಓಡುತ್ತಿದ್ದಳು. ಆ ಬಾಗಿಲು ಸದಾ ತೆರೆದಿರುತ್ತಿತ್ತು. ನಾನು ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲೋ ಗುಜರಾತಿಯಲ್ಲೋ ಉತ್ತರ ಕೊಡುತ್ತಿದ್ದವಳು, ಒಂದು ದಿನ ಊಟಕ್ಕೆ ಕೂತಾಗ ಕಣ್ಣು ಮುಚ್ಚಿ ಅಚ್ಚ ಬೀದರ್ ಮಾತಿನಲ್ಲಿ ದೇವರಿಗೆ ಸ್ತೋತ್ರ ಹೇಳಿದಳು. ಉಣ್ಣಲತ್ತೀವಿ, ಹಸಿದವರಿಗೂ ಕೊಡಪ್ಪಾ, ಎಂದು. ಯಜಮಾನರು ನಕ್ಕು ಅವಳ ತಲೆ ಸವರಿದರು. ನಾನು ಸಾರು ತರುವ ನೆಪದಲ್ಲಿ ಎದ್ದು ಒಳಗೆ ಹೋದೆ. ಆರು ಮನೆಯ ಹೆಂಗಸರು ಆಕೆಯ ಬಾಗಿಲಿಗೆ ಹೋದರೆ ಹೋಗಲಿ, ಹೆತ್ತ ಮಗಳಿಗೆ ದೇವರ ದಾರಿ ತೋರಿಸುವುದು ನನ್ನ ಪಾಲಿನದಾಗಿತ್ತು. ಅದೂ ಕೈಬಿಟ್ಟು ಹೋಗುತ್ತಿತ್ತು.

ಮುಂದಿನ ಭಾನುವಾರ ಅದರ ಸೇಡು ತೀರಿಸಿಕೊಂಡೆ. ಆ ದಿನ ಕೂಟದಲ್ಲಿ ಯಾರೋ ಒತ್ತಾಯ ಮಾಡಿದರೆಂದು ಆಕೆ ಒಂದು ಕಥೆ ಹೇಳಿದಳು, ಬರಗಾಲದಲ್ಲಿ ಬಡ ವಿಧವೆಯ ಮನೆಯಲ್ಲಿ ಉಂಡ ಪ್ರವಾದಿಯ ಕಥೆ. ಚೆನ್ನಾಗಿಯೇ ಹೇಳಿದಳು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು, ನನ್ನ ಮಗಳಂತೂ ಆಕೆಯ ತೊಡೆಗೆ ಒರಗಿ ಕೂತಿದ್ದಳು. ಆದರೆ ಪ್ರವಾದಿಯ ಹೆಸರು ತಪ್ಪಿತ್ತು. ಗುರುವಿನ ಕಥೆಯನ್ನು ಶಿಷ್ಯನ ತಲೆಗೆ ಕಟ್ಟಿದ್ದಳು. ಕಥೆ ಮುಗಿಯುವ ತನಕ ತಡೆದಿದ್ದು, ಆಮೇಲೆ ಪುಸ್ತಕ ಬಿಚ್ಚಿ, ಅಧ್ಯಾಯ ಹೇಳಿ, ಎಲ್ಲರೆದುರು ತಿದ್ದಿದೆ. ದೇವರ ವಾಕ್ಯವನ್ನು ತಿಳಿಯದೆ ಮಕ್ಕಳಿಗೆ ಹೇಳಬಾರದು ಎಂದೂ ಸೇರಿಸಿದೆ.

“ಹೌದೇನ್ರಿ ಅಕ್ಕೋರೆ,” ಎಂದಳು ಆಕೆ. “ಚಲೋ ಆಯ್ತು ಹೇಳಿದ್ರಿ. ಇಷ್ಟ್ ದಿನ ತಪ್ಪೇ ಹೇಳ್ಕೋತ ಬಂದೀನಿ.”

ಮುಖದಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಜಗಳಕ್ಕಾದರೂ ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೊನೆಯ ಪ್ರಾರ್ಥನೆಯಲ್ಲಿ ಒಬ್ಬ ಹಿರಿಯರು, ನಮ್ಮ ನಮ್ಮಲ್ಲಿ ಮತ್ಸರ ಬೇಡ ಸ್ವಾಮೀ ಎಂದು ಎಂದಿನಂತೆ ಬೇಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕಣ್ಣು ತೆರೆದು ಸುತ್ತ ನೋಡಿದೆ. ಎಲ್ಲರ ಕಣ್ಣೂ ಮುಚ್ಚಿದ್ದವು, ಮಗಳದೊಂದು ಬಿಟ್ಟು. ಅವಳು ನನ್ನನ್ನೇ ದಿಟ್ಟಿಸುತ್ತಿದ್ದಳು.

ಅದಾಗಿ ಒಂದು ವಾರಕ್ಕೆಲ್ಲ ಒಂದು ವಿಚಿತ್ರ ನಡೆಯಿತು. ಮಗಳು ಎದುರುಮನೆಗೆ ಹೋಗುವುದನ್ನು ನಿಲ್ಲಿಸಿಬಿಟ್ಟಳು. ಎರಡು ದಿನ ಮುಖ ಊದಿಸಿಕೊಂಡು ಹಾಸಿಗೆಯಲ್ಲಿ ಬಿದ್ದುಕೊಂಡಿದ್ದಳು. ಮೂರನೆಯ ದಿನ ನನ್ನ ಪಕ್ಕ ಬಂದು ಕೂತು, ಕನ್ನಡ ಓದಲು ಕಲಿಸು ಎಂದಳು. ನನಗೆ ನಂಬಲಾಗಲಿಲ್ಲ. ಆವತ್ತೇ ಅಂಗಡಿಗೆ ಹೋಗಿ ಹೊಸ ಸ್ಲೇಟು ತಂದೆ. ದಿನಾ ಮಧ್ಯಾಹ್ನ ನಾವಿಬ್ಬರೂ ಕಿಟಕಿಯ ಬಳಿ ಕೂರುತ್ತಿದ್ದೆವು. ವರ್ಷದೊಳಗೆ ಒತ್ತಕ್ಷರ ಹಿಡಿತಕ್ಕೆ ಬಂದವು. ಎರಡನೆಯ ವರ್ಷ ಕೂಟದಲ್ಲಿ ಇಡೀ ಅಧ್ಯಾಯವನ್ನು ತಡವರಿಸದೆ ಓದಿದಳು. ನಾನು ತಲೆಯೆತ್ತಿ ಬಾಗಿಲ ಪಕ್ಕ ಕೂತಿದ್ದ ಆಕೆಯತ್ತ ನೋಡಿದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸೋತೆನೆಂದು ಈಗ ಗೊತ್ತಾಯಿತೇ, ಎಂದುಕೊಂಡೆ. ಮಗಳು ನನ್ನ ಕಡೆ ಬಂದ ಮೇಲೆ ಮಧ್ಯಾಹ್ನದ ಹೊತ್ತು ಎದುರುಮನೆಯ ಬಾಗಿಲು ಮುಚ್ಚಿರತೊಡಗಿದ್ದನ್ನೂ ನಾನು ಗಮನಿಸಿದ್ದೆ. ಹೊಟ್ಟೆಕಿಚ್ಚು ಈಗ ಆಕೆಗೆ ಹತ್ತಿತು ಎಂದು ಯಜಮಾನರಿಗೆ ಹೇಳಿ ನಕ್ಕಿದ್ದೂ ಉಂಟು.

ಮಗಳು ಹತ್ತನೆಯ ತರಗತಿಯಲ್ಲಿದ್ದಾಗ ಆಕೆಯ ಗಂಡನಿಗೆ ವಡೋದರಾಕ್ಕೆ ವರ್ಗವಾಯಿತು. ಸಾಮಾನಿನ ಲಾರಿ ಹೋದ ಮೇಲೆ ಹೇಳಿಹೋಗಲು ಬಂದಳು. ನಿಮ್ಮ ಮಗಳು ಓದುವುದನ್ನು ಕೇಳಲು ಬಹಳ ಚೆಂದ ಅಕ್ಕೋರೆ, ಎಂದಳು. ಆಗಾಗ ಬರುತ್ತಿರಿ ಎಂದು ನಾನು ಬಾಯಿಮಾತಿಗೆ ಹೇಳಿದೆ. ಆಕೆ ಅದನ್ನು ನಿಜವೆಂದುಕೊಂಡು, ನೀವೂ ಬರ್ರಿ, ಎಂದು ಎರಡೆರಡು ಸಲ ಕರೆದಳು.

ಹೋದ ವರ್ಷ ವಡೋದರಾದಿಂದ ಸುದ್ದಿ ಬಂದದ್ದು ನನಗಲ್ಲ, ಮಗಳಿಗೆ. ಬ್ಯಾಂಕಿಗೆ ರಜೆ ಹಾಕಿ ಸೂರತ್‌ನಿಂದ ಮಣ್ಣಿಗೆ ಹೋಗಿಬಂದಳು. ನಾನು ಮೊಣಕಾಲು ನೋವೆಂದೆ. ನೋವು ಇತ್ತು, ಸುಳ್ಳಲ್ಲ. ಆದರೆ ಅಲ್ಲಿ ಜನ ಆಕೆಯನ್ನು ಹೊಗಳುತ್ತಾ ಅಳುವುದನ್ನು ನೋಡುವುದು ನನಗೆ ಬೇಕಿರಲಿಲ್ಲ.

ಇಷ್ಟನ್ನೂ ನಾನು ಯಾರಿಗೂ ಹೇಳಿದವಳಲ್ಲ. ಆವತ್ತು ಸೂರತ್‌ನಲ್ಲಿ, ಕುಕ್ಕರು ಕೂಗುವುದನ್ನು ಕಾಯುತ್ತಾ ನಿಂತಾಗ ಬಾಯಿಂದ ಬಂದುಬಿಟ್ಟಿತು. ನಿನ್ನ ಆಂಟಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು, ಎಂದೆ. ಮಗಳು ಒಲೆಯ ಉರಿ ಸಣ್ಣ ಮಾಡಿದಳು.

“ಆಂಟಿಗೆ ಗೊತ್ತಿತ್ತು ಮಮ್ಮಿ,” ಎಂದಳು.

ಆಮೇಲೆ ನಿಧಾನವಾಗಿ ಹೇಳಿದಳು. ಆ ಕಥೆ ತಿದ್ದಿದ ಭಾನುವಾರ ಕಳೆದು ಎರಡು ದಿನಕ್ಕೆ ಆಕೆ ಇವಳನ್ನು ಹತ್ತಿರ ಕೂರಿಸಿಕೊಂಡಳಂತೆ. “ನಾಳಿಂದ ನೀ ಬರಬ್ಯಾಡ ಬೇಟಾ. ನನ್ನ ಕಡಿಂದ ನಿಮ್ಮ ಅವ್ವಗ ತ್ರಾಸ ಆಗ್ಲತ್ತದ. ಅವರ ಬಾಜೂ ಕುಂತು ಓದ್ಲಿಕ್ಕ ಕಲಿ. ಅದು ನಂಗ ಬರಲ್ಲ, ಅವರಿಗಿ ಬರ್ತದ.” ಇವಳು ಅತ್ತು ರಂಪ ಮಾಡಿದರೂ ಕೇಳಲಿಲ್ಲವಂತೆ. ಮರುದಿನ ಇವಳು ಹೋಗಿ ಬಾಗಿಲು ಬಡಿದಳಂತೆ. ಆಕೆ ಒಳಗೇ ಇದ್ದು ತೆರೆಯಲಿಲ್ಲವಂತೆ. ಒಳಗೆ ಅಳುವ ಸದ್ದು ಕೇಳುತ್ತಿತ್ತು ಮಮ್ಮಿ, ಎಂದಳು ಮಗಳು. ನನಗೆ ಹೇಳಬಾರದೆಂದು ಆಕೆ ಇವಳಿಂದ ಮಾತು ತೆಗೆದುಕೊಂಡಿದ್ದಳಂತೆ. ಈಗ ಆಂಟಿ ಇಲ್ಲವಲ್ಲ, ಹೇಳಿದರೆ ತಪ್ಪಿಲ್ಲ ಎಂದಳು ಮಗಳು.

ನಾನು ಕುರ್ಚಿ ಎಳೆದುಕೊಂಡು ಕೂತೆ. ಮಕ್ಕಳಿಲ್ಲದ ಮನೆಗೆ ದಿನಾ ಶಾಲೆ ಬಿಟ್ಟೊಡನೆ ಓಡಿ ಬರುತ್ತಿದ್ದ ಒಂದೇ ಒಂದು ಮಗುವನ್ನು ಆಕೆ ನನ್ನ ಕಡೆಗೆ ಕಳಿಸಿ ಬಾಗಿಲು ಹಾಕಿಕೊಂಡಿದ್ದಳು. ಅದನ್ನೇ ನಾನು ಇಷ್ಟು ವರ್ಷ ನನ್ನ ಗೆಲುವೆಂದು ಹೇಳಿಕೊಂಡು ತಿರುಗಿದ್ದೆ...

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಹೆಚ್ಚಾಗಿದೆ. ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ಹಾಗೆ ಮಾಡುತ್ತಿರಲಿಲ್ಲ, ಖಂಡಿತ ಮಾಡುತ್ತಿರಲಿಲ್ಲ. ಅಪ್ಪ ಯಾರನ್ನು ನೋಡಿ ನಡೆಯಿರಿ ಎಂದಿದ್ದರೋ ಅಂಥವಳು ಆರು ವರ್ಷ ನನ್ನೆದುರು ಬಾಗಿಲಲ್ಲೇ ಇದ್ದಳು. ತಪ್ಪಾಯಿತು ಎನ್ನಲು ಈಗ ಆಕೆ ಇಲ್ಲ.

ಮೊನ್ನೆ ಸೂರತ್‌ನಿಂದ ರೈಲಿನಲ್ಲಿ ಹಿಂತಿರುಗಿದೆ. ಎರಡು ತಾಸಿಗೆ ವಡೋದರಾ ಬಂತು. ಮಗಳು ಸೂರತ್ ಸೇರಿದ ಮೇಲೆ ಇದೇ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇನೋ. ಆಕೆ ಬದುಕಿದ್ದಷ್ಟು ದಿನವೂ ರೈಲು ಅಲ್ಲಿ ನಿಲ್ಲುತ್ತಿತ್ತು. ಕಿಟಕಿಯಿಂದ ಕೈ ಚಾಚಿ ಚಹಾ ತೆಗೆದುಕೊಳ್ಳುತ್ತಿದ್ದೆ, ಇಳಿಯುತ್ತಿರಲಿಲ್ಲ.