ಹಾರ್ಲೆಮ್‌ನ ಪರದೆಯಿಲ್ಲದ ಮನೆ

ಮನೆ ನೋಡಲು ನಮಗೆ ಸಿಕ್ಕಿದ್ದು ಕಾಲು ಗಂಟೆ. ಮಾಸ್ಕ್ ಹಾಕಿದ ಮಾಕೆಲಾರ್, ಅಂದರೆ ಈ ಡಚ್ ಊರಿನ ಮನೆ ದಲ್ಲಾಳಿ, ಕೈಗೆ ಸ್ಯಾನಿಟೈಸರ್ ಸುರಿದು, "ಏನನ್ನೂ ಮುಟ್ಟಬೇಡಿ" ಎಂದ. ಒಲೆಯ ಮೇಲಿನ ಪಾತ್ರೆಯನ್ನು ಮುಟ್ಟಿಯೇ ನೋಡಿದೆ. ಇನ್ನೂ ಬಿಸಿ! ಆದರೆ ಮನೆಯೊಡತಿಯ ಸುಳಿವಿಲ್ಲ. ಮಾರುವವರು ಎದುರಿಗೆ ಬರುವ ಪದ್ಧತಿಯೇ ಇಲ್ಲವಂತೆ. ಮೈಸೂರಿನಲ್ಲಿ ಮಾರುವವರ ಜೊತೆ ಕೂತು ಕಾಫಿ ಕುಡಿದು, ನೀರು ಹೇಗೆ, ಅಕ್ಕಪಕ್ಕದವರು ಹೇಗೆ ಎಂದು ಬಾಯಿ ಬಿಡಿಸದೆ ಯಾರಾದರೂ ಮನೆ ಕೊಳ್ಳುತ್ತಾರೆಯೇ? ಬೀದಿಗೆ ತೆರೆದ ದೊಡ್ಡ ಕಿಟಕಿಗೆ ಪರದೆಯೂ ಇರಲಿಲ್ಲ. ಇಷ್ಟೆಲ್ಲ ತೆರೆದಿಟ್ಟವರು ಇನ್ನೇನೋ ಮುಚ್ಚಿಟ್ಟಿದ್ದಾರೆ ಎಂದೇ ನನಗನ್ನಿಸಿತು.

ಬೇಡ ಎನ್ನುವ ಹಾಗೂ ಇರಲಿಲ್ಲ. ನಮ್ಮ ಬಾಡಿಗೆ ಮನೆಯನ್ನು ಮಾಲೀಕ ಮಾರಲು ಹೊರಟಿದ್ದ. ಬೇರೆ ಮನೆ ಸಿಗದಿದ್ದರೆ ಊರನ್ನೇ ಬಿಡಬೇಕು. ಲಾಕ್‌ಡೌನ್ ಮುಗಿದು ಮಗಳಿಗೆ ಆಗಷ್ಟೇ ಶಾಲೆಯಲ್ಲಿ ಗೆಳತಿಯರು ಸಿಕ್ಕಿದ್ದರು.

ಇಲ್ಲಿ ಕೇಳಿದ ಬೆಲೆಗಿಂತ ಹೆಚ್ಚು ಬರೆದು ಕಳಿಸಬೇಕು. ಬೇರೆಯವರು ಎಷ್ಟು ಬರೆದರೆಂದು ಹೇಳುವುದಿಲ್ಲ. ದನದ ಸಂತೆಯಲ್ಲಿ ಟವೆಲ್ ಕೆಳಗೆ ವ್ಯಾಪಾರ ಮಾಡುವಾಗಲೂ ಎದುರಿನವನ ಬೆರಳಾದರೂ ಕೈಗೆ ಸಿಗುತ್ತದೆ. ಇನ್ನು ಬ್ಯಾಂಕು ಮನೆಯ ಪೂರ್ತಿ ಬೆಲೆಯನ್ನು ಸಾಲ ಕೊಡುತ್ತೇನೆಂದಿತು! ಊರಲ್ಲಿ ಚಿನ್ನ ಅಡವಿಟ್ಟರೂ ಕಳ್ಳರನ್ನು ನೋಡುವಂತೆ ನೋಡುತ್ತಾರೆ.

"ಈ ಸಾಲ ಕೊನೇವರೆಗೂ ನಿಮ್ಮ ಹತ್ರಾನೇ ಇರುತ್ತಾ?" ಎಂದು ವಿಡಿಯೋ ಕಾಲ್‌ನಲ್ಲಿ ಬ್ಯಾಂಕಿನವನನ್ನು ಕೇಳಿದೆ.

"ಇಂಥ ಸಾಲಗಳನ್ನ ಒಟ್ಟಿಗೆ ಕಟ್ಟು ಕಟ್ಟಿ ಹೂಡಿಕೆದಾರರಿಗೆ ಮಾರೋದೂ ಉಂಟು. ನಿಮಗೇನೂ ವ್ಯತ್ಯಾಸ ಆಗಲ್ಲ" ಎಂದು ನಕ್ಕ.

ಕರೆ ಮುಗಿದ ಮೇಲೆ ಗಂಡ ಹರ್ಷನ ಮೇಲೆ ಹರಿಹಾಯ್ದೆ. "2008ರಲ್ಲಿ ಅಮೆರಿಕದಲ್ಲಿ ಜನ ಮನೆ ಕಳ್ಕೊಂಡು ಬೀದಿಗೆ ಬಿದ್ದಿದ್ದು ಇಂಥ ಸಾಲದ ಕಟ್ಟುಗಳಿಂದಾನೇ ಕಣೋ! ಏನೂ ವ್ಯತ್ಯಾಸ ಆಗಲ್ಲ ಅಂದ್ರೆ ಯಾಕೆ ಮಾರ್ತಾರೆ?"

"ನೀನು ಇಡ್ಲಿ ಹಿಟ್ಟು ಉಬ್ಬಿದ್ರೂ ಅನುಮಾನ ಪಡ್ತೀಯ" ಎಂದ ಹರ್ಷ.

ಮಾರನೆಯ ದಿನ ಚಕ್ಕುಲಿ ಡಬ್ಬಿ ಹಿಡಿದು ನೇರ ಆ ಮನೆಗೇ ಹೋದೆ. ಹೇಳದೆ ಕೇಳದೆ ಬಾಗಿಲು ತಟ್ಟುವುದು ಈ ದೇಶದಲ್ಲಿ ದೊಡ್ಡ ತಪ್ಪು. ಬಾಗಿಲು ತೆರೆದ ವಯಸ್ಸಾದ ಒಡತಿ, ಹೆಸರು ರಿಯಾ, ಮೊದಲು ನನ್ನನ್ನು, ಆಮೇಲೆ ಡಬ್ಬಿಯನ್ನು ಅನುಮಾನದಿಂದ ನೋಡಿದರು. ಅನುಮಾನ ನನ್ನೊಬ್ಬಳ ಸೊತ್ತಲ್ಲ ಎಂದು ಸಮಾಧಾನವಾಯಿತು.

"ಬೆಲೆ ಇನ್ನೂ ಏರ್ತಿರುವಾಗ ಯಾಕೆ ಮಾರ್ತಿದ್ದೀರಿ?" ಎಂದು ಇಂಗ್ಲಿಷಿನಲ್ಲೇ ಕೇಳಿದೆ.

ಅವರು ಕಡಿದಾದ ಮೆಟ್ಟಿಲು ತೋರಿಸಿ ಮಂಡಿ ತಟ್ಟಿಕೊಂಡರು. ಆಮೇಲೆ ತಾವಾಗಿ ಮಾತು ತೆಗೆದರು. ಹಿಂದೆ ಬೆಲೆ ಕುಸಿದಾಗ ಅವರ ಮಗಳು ಗಂಡನಿಂದ ಬೇರೆಯಾದರೂ ಅವನ ಜೊತೆ ಒಂದೇ ಮನೆಯಲ್ಲಿ ಇರಬೇಕಾಯಿತಂತೆ. ಮಾರಿದರೂ ಸಾಲ ತೀರುತ್ತಿರಲಿಲ್ಲ. "ಬ್ಯಾಂಕಿನವರಿಗೆ ಏನೂ ಆಗಲಿಲ್ಲ. ನನ್ನ ಮಗಳು ಗೋಡೆ ಆಚೆ ಅವನ ಕೆಮ್ಮು ಕೇಳ್ತಾ ವರ್ಷಗಟ್ಟಲೆ ಮಲಗಿದಳು" ಎಂದರು. ಆಮೇಲೆ ನನ್ನನ್ನೇ ಕೇಳಿದರು: "ಬೆಲೆ ಬಿದ್ದರೂ ನೀವು ಇಲ್ಲೇ ಇರ್ತೀರಾ?"

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದೆ. ಎಷ್ಟು ವರ್ಷವಾದರೂ ನಾವು ಹೇಳುತ್ತಿದ್ದದ್ದು ‘ಸದ್ಯಕ್ಕೆ ಇಲ್ಲಿದ್ದೇವೆ’ ಎಂದೇ. ಮನೆಗೆ ಬಂದು ರಿಯಾರ ಪ್ರಶ್ನೆಯನ್ನು ಹರ್ಷನ ಮುಂದಿಟ್ಟೆ. ಅವನಿಗಿಂತ ಮೊದಲು ಮಗಳೇ ಹೋಮ್‌ವರ್ಕಿನಿಂದ ತಲೆಯೆತ್ತದೆ "ಯಾ, ಹೋರ್" ಎಂದಳು. ಡಚ್ಚಿನಲ್ಲಿ, ಹೂಂ ಮತ್ತೆ ಎಂದಂತೆ. ಅಂದೇ ಬೆಲೆ ಬರೆದು ಕಳಿಸಿದೆವು. ಮನೆ ನಮ್ಮದಾಯಿತು.

ಶರತ್ಕಾಲದಲ್ಲಿ ನಮ್ಮ ಬೀದಿಯಲ್ಲೇ ಮೆರವಣಿಗೆ ಬಂತು. ಮನೆ ಸಿಗದ ಹುಡುಗ ಹುಡುಗಿಯರು, ಬಾಡಿಗೆ ಕಟ್ಟಿ ಸೋತವರು. ‘ಮನೆ ಇರುವುದು ವಾಸಕ್ಕೆ, ಲಾಭಕ್ಕಲ್ಲ’ ಎಂಬ ಫಲಕಗಳು. ಎಷ್ಟು ನಿಜ ಎನಿಸಿ ಕಿಟಕಿಗೆ ಬಂದು ಜೋರಾಗಿ ಚಪ್ಪಾಳೆ ತಟ್ಟಿದೆ. ಅವರ ನಡುವೆ ರಿಯಾರ ಮಗಳಿದ್ದಳು. ಕೀಲಿಕೈ ಕೊಡುವ ದಿನ ತಾಯಿಯ ಜೊತೆ ಬಂದಿದ್ದವಳು, ಗಂಡನ ಜೊತೆಗಿನ ಮನೆ ಹೋದ ಮೇಲೆ ಈಗಲೂ ಬಾಡಿಗೆ ಮನೆಯಲ್ಲೇ ಇರುವವಳು. ತಾಯಿಯ ಕಿಟಕಿಯಲ್ಲಿ ನಿಂತ ನನ್ನನ್ನು ನೋಡಿ ನಿಂತಳು. ಇವಳಿಗೊಂದು ಮನೆ ಸಿಗುವಷ್ಟು ಬೆಲೆ ಇಳಿಯಲಪ್ಪಾ ಎಂದುಕೊಂಡೆ. ಮರುಕ್ಷಣವೇ, ಚಾಮುಂಡಿ ತಾಯಿ, ನಮ್ಮ ಮನೆಯದು ಮಾತ್ರ ಇಳಿಯದಿರಲಿ ಎಂದು ಬೇಡಿಕೊಂಡೆ. ನಾಚಿಕೆಯಾಗಿ ಮರೆಗೆ ಸರಿಯೋಣವೆಂದು ಕೈ ಚಾಚಿದೆ. ಆ ಕಿಟಕಿಗೆ ನಾನಿನ್ನೂ ಪರದೆ ಹಾಕಿಸಿರಲಿಲ್ಲ.